ಪಾಪ್‌ಕಾರ್ನ್ ಅರಳದಿದ್ದರೆ ಪಾತ್ರೆಯ ತಳ ನೋಡಿ

ಪಾಪ್‌ಕಾರ್ನ್ ಕೆಟ್ಟ ದಿನ ಹೆಚ್ಚಿನ ಮನೆಗಳಲ್ಲಿ ಆಗುವುದು ಇಷ್ಟು: ಅರಳಿದ್ದನ್ನು ಬಟ್ಟಲಿಗೆ ಹಾಕಿ, ತಳದಲ್ಲಿ ಉಳಿದ ಕಾಳನ್ನು ಕಸದ ಬುಟ್ಟಿಗೆ ಸುರಿದು, ಒಲೆಯನ್ನೋ ಎಣ್ಣೆಯನ್ನೋ ದೂರುತ್ತೇವೆ. ದಯವಿಟ್ಟು ಆ ಕಾಳನ್ನು ಎಸೆಯಬೇಡಿ. ಎಲ್ಲಿ ತಪ್ಪಾಯಿತು ಎಂಬುದಕ್ಕೆ ಇರುವ ಸಾಕ್ಷಿ ಅದೊಂದೇ. ಬಿಳಿ ತಟ್ಟೆಯಲ್ಲಿ ಹರಡಿ, ಕಿಟಕಿಯ ಬೆಳಕಿನಲ್ಲಿ ನೋಡಿ. ಕಂದು ಬಣ್ಣಕ್ಕೆ ತಿರುಗಿ ಇಡಿಯಾಗಿ ಉಳಿದಿದೆಯೇ, ಹಳದಿಯಾಗಿ ಹಾಗೆಯೇ ಇದೆಯೇ, ಇಲ್ಲವೇ ಸ್ವಲ್ಪವೇ ಬಾಯಿ ಬಿಟ್ಟು ನಿಂತಿದೆಯೇ? ಮೂರಕ್ಕೂ ಕಾರಣ ಬೇರೆ, ಪರಿಹಾರ ಬೇರೆ.

ನಾನು ಇದನ್ನು ಕಲಿತದ್ದು ಒಂದು ಮಾರ್ಚ್ ತಿಂಗಳಲ್ಲಿ, ತುಮಕೂರಿನ ನಮ್ಮ ಅಡುಗೆಮನೆಯಲ್ಲಿ. ಡಿಸೆಂಬರ್‌ನಲ್ಲಿ ತಂದ ಒಂದು ಕಿಲೋ ಪೊಟ್ಟಣ ಅದು. ಮೊದಲ ಕೆಲವು ಸಲ ಮಲ್ಲಿಗೆಯಂತೆ ಅರಳಿತ್ತು. ಉಳಿದದ್ದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ ಒಲೆಯ ಮೇಲಿನ ಗೂಡಿನಲ್ಲಿ ಇಟ್ಟಿದ್ದೆ. ಮಾರ್ಚ್‌ನಲ್ಲಿ ಅದೇ ಕಾಳು, ಅದೇ ಪಾತ್ರೆ, ಅದೇ ಒಲೆ. ಅರಳು ಮಾತ್ರ ಸಣ್ಣ, ತಳದಲ್ಲಿ ಹಿಡಿತುಂಬ ಕಾಳು. ಉರಿ ಏರಿಸಿದೆ, ಎಣ್ಣೆ ಬದಲಿಸಿದೆ, ಪಾತ್ರೆಯನ್ನೂ ಬದಲಿಸಿದೆ. ಕೊನೆಗೆ ನೂರು ಕಾಳು ಎಣಿಸಿ ಹಾಕಿದೆ. 31 ಉಳಿದವು. ಎಲ್ಲವೂ ಹುರಿದ ಕಡಲೆಯ ಬಣ್ಣ, ಒಂದರ ಸಿಪ್ಪೆಯೂ ಒಡೆದಿರಲಿಲ್ಲ.

ಕಾರಣ ತಿಳಿಯಬೇಕಾದರೆ ಕಾಳಿನ ಒಳಗೆ ಏನಾಗುತ್ತದೆ ಎಂದು ಸ್ವಲ್ಪ ನೋಡಬೇಕು. ಪಾಪ್‌ಕಾರ್ನ್ ಕಾಳಿನ ತೂಕದಲ್ಲಿ ನೂರಕ್ಕೆ ಸುಮಾರು 14 ಪಾಲು ನೀರು ಇರಬೇಕು. ಹೊರಗಿನ ಸಿಪ್ಪೆ ಗಟ್ಟಿ ಮತ್ತು ಬಿಗಿ; ಅದರ ಮೂಲಕ ಆವಿ ಸುಲಭವಾಗಿ ಹೊರಬರಲಾರದು. ಕಾಯಿಸಿದಾಗ ಒಳಗಿನ ನೀರು ಆವಿಯಾಗಲು ಹವಣಿಸುತ್ತದೆ, ಗಂಜಿ ಮೆತ್ತಗಾಗುತ್ತದೆ, ಒತ್ತಡ ಏರುತ್ತದೆ. ಸುಮಾರು 180 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಸಿಪ್ಪೆ ತಡೆಯಲಾರದೆ ಒಡೆಯುತ್ತದೆ. ಮೆತ್ತಗಾದ ಗಂಜಿ ಒಮ್ಮೆಲೇ ಉಬ್ಬಿ, ಗಾಳಿಗೆ ತಣಿದು ಬಿಳಿಯ ಅರಳಾಗಿ ನಿಲ್ಲುತ್ತದೆ. ಆ ಕ್ಷಣದಲ್ಲಿ ಕಾಳಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಒಂಬತ್ತು ಪಟ್ಟಿನಷ್ಟು. ನಮ್ಮ ಕುಕ್ಕರ್ ವಿಷಲ್ ಹಾಕುವಾಗ ಒಳಗಿರುವುದು ಸುಮಾರು ಎರಡು ಪಟ್ಟು ಮಾತ್ರ. ಬೆರಳಿನ ತುದಿಯಲ್ಲಿ ನಿಲ್ಲುವ ಒಂದು ಕಾಳು ಅಷ್ಟನ್ನು ತಡೆದು ಹಿಡಿಯುತ್ತದೆ ಎಂಬುದು ನನಗೆ ಇವತ್ತಿಗೂ ಬೆರಗು.

ಒಟ್ಟಿನಲ್ಲಿ ಬೇಕಾದದ್ದು ಮೂರು: ಒಳಗೆ ನೀರು, ಹೊರಗೆ ಬಿರುಕಿಲ್ಲದ ಸಿಪ್ಪೆ, ಸುತ್ತಲೂ ಸಮನಾದ ಶಾಖ. ತಟ್ಟೆಯ ಮೇಲಿನ ಕಾಳು ಈ ಮೂರರಲ್ಲಿ ಯಾವುದು ಕೈಕೊಟ್ಟಿತು ಎಂದು ತೋರಿಸುತ್ತದೆ.

ಕಂದಾಗಿ, ಇಡಿಯಾಗಿ ಉಳಿದ ಕಾಳು

ಇದು ನನ್ನ ಮಾರ್ಚ್ ತಿಂಗಳ ಕಾಳು. ಬಣ್ಣ ಬದಲಾಗಿದೆ ಎಂದರೆ ಶಾಖ ತಲುಪಿದೆ. ಸಿಪ್ಪೆ ಒಡೆದಿಲ್ಲ ಎಂದರೆ ಒಳಗೆ ಒಡೆಯುವಷ್ಟು ಆವಿ ಹುಟ್ಟಿಲ್ಲ. ಕಾಳು ಒಣಗಿದೆ. ಅಂಥ ಕಾಳಿಗೆ ಉರಿ ಏರಿಸಿದಷ್ಟೂ ಕರಟುತ್ತದೆಯೇ ಹೊರತು ಅರಳುವುದಿಲ್ಲ. ನಾನು ಮೂರು ದಿನ ಮಾಡಿದ ತಪ್ಪು ಅದೇ.

ಪರಿಹಾರ ಹೇಳಿಕೊಟ್ಟವರು ನಮ್ಮ ಅತ್ತೆ. ಅವರ ತವರು ಕೊರಟಗೆರೆ ತಾಲ್ಲೂಕಿನ ಹಳ್ಳಿ. ಪ್ರತಿ ವರ್ಷ ರಾಗಿ ಹುರಿಹಿಟ್ಟು ಮಾಡುವ ಮನೆ. ತಟ್ಟೆಯಲ್ಲಿದ್ದ ಕಂದು ಕಾಳನ್ನು ನೋಡಿ, ಎರಡು ಕಾಳನ್ನು ಬೆರಳ ನಡುವೆ ಉಜ್ಜಿ, "ಇದಕ್ಕೆ ಹದ ಇಲ್ಲಮ್ಮ. ರಾಗಿಯನ್ನು ಒಣಗಿದ್ದು ಒಣಗಿದ ಹಾಗೆಯೇ ಹುರಿದರೆ ಅರಳುತ್ತದೆಯೇ?" ಎಂದರು. "ರಾಗಿಗಾದರೆ ಏನು ಮಾಡುತ್ತೀರಿ ಅತ್ತೆ?" ಎಂದೆ. "ನೀರು ಚಿಮುಕಿಸಿ, ಕಲಸಿ, ಬಟ್ಟೆ ಮುಚ್ಚಿ ರಾತ್ರಿ ಇಡುತ್ತೇವೆ. ನೀರು ಒಳಗೆ ಇಳಿಯಬೇಕು, ಮೇಲೆ ಪಸೆ ಇರಬಾರದು. ಆಮೇಲೆ ಚೆನ್ನಾಗಿ ಕಾದ ಬಾಣಲೆಗೆ ಹಿಡಿ ಹಿಡಿಯಾಗಿ ಹಾಕುವುದು." ಪಾಪ್‌ಕಾರ್ನ್ ಪೊಟ್ಟಣವನ್ನು ಅವರು ಅಷ್ಟು ವರ್ಷಗಳಲ್ಲಿ ಕೈಯಿಂದ ಮುಟ್ಟಿರಲಿಲ್ಲ. ಆದರೆ ಅವರು ಹೇಳಿದ್ದರಲ್ಲಿ ತಿದ್ದಬೇಕಾದ ಒಂದು ಮಾತೂ ಇರಲಿಲ್ಲ.

ಜೋಳದ ಸಿಪ್ಪೆ ರಾಗಿಯದಕ್ಕಿಂತ ಬಿಗಿ, ಆದ್ದರಿಂದ ನೀರು ಒಳಗಿಳಿಯಲು ಒಂದು ರಾತ್ರಿ ಸಾಲದು. 500 ಗ್ರಾಂ ಕಾಳನ್ನು ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ಹಾಕಿ. ಅಲುಗಾಡಿಸಲು ಮೇಲೆ ಜಾಗ ಉಳಿದಿರಲಿ. ಒಂದು ದೊಡ್ಡ ಚಮಚ, ಅಂದರೆ 15 ಮಿಲಿಲೀಟರ್ ನೀರು ಹಾಕಿ ಮುಚ್ಚಿ, ಚೆನ್ನಾಗಿ ಕುಲುಕಿ. ಮೊದಲ ದಿನ ಅಡುಗೆಮನೆಗೆ ಹೋದಾಗಲೆಲ್ಲ ಒಮ್ಮೆ ಕುಲುಕುತ್ತಿರಿ, ತಳದ ಕಾಳು ಮಾತ್ರ ನೀರು ಕುಡಿಯಬಾರದು. ಸಂಜೆಯ ಹೊತ್ತಿಗೆ ಬಾಟಲಿಯ ಒಳಗೋಡೆ ಒಣಗಿರುತ್ತದೆ. ಆಗ ಕೆಲಸ ಮುಗಿಯಿತು ಎಂದು ತೋರುತ್ತದೆ. ಆದರೆ ನೀರು ಇನ್ನೂ ಸಿಪ್ಪೆಯ ಆಸುಪಾಸಿನಲ್ಲೇ ಇದೆ, ನಡುಭಾಗಕ್ಕೆ ಹೋಗಿಲ್ಲ. ಮೂರು ನಾಲ್ಕು ದಿನ ನೆರಳಿನಲ್ಲಿ ಬಿಡಿ. ಈ ಒಂದು ಚಮಚ ನೀರು ಕಾಳಿನ ತೇವವನ್ನು ನೂರಕ್ಕೆ ಸುಮಾರು ಎರಡೂವರೆಯಷ್ಟು ಏರಿಸುತ್ತದೆ. ಅವಸರದಲ್ಲಿ ಎರಡು ಮೂರು ಚಮಚ ಒಟ್ಟಿಗೆ ಹಾಕಬೇಡಿ, ಬೂಷ್ಟು ಹಿಡಿಯುತ್ತದೆ. ಬಾಟಲಿ ತೆರೆದಾಗ ಮುಗ್ಗಲು ವಾಸನೆ ಬಂದರೆ ಅಷ್ಟನ್ನೂ ಎಸೆಯಬೇಕು, ಆರಿಸಿ ಉಳಿಸಿಕೊಳ್ಳುವ ಯೋಚನೆ ಬೇಡ.

ನಾಲ್ಕನೆಯ ದಿನ ಮತ್ತೆ ನೂರು ಕಾಳು ಎಣಿಸಿ ಹಾಕಿದೆ. ಉಳಿದದ್ದು 9. ಇನ್ನೊಂದು ಸಣ್ಣ ಚಮಚ ನೀರು, ಇನ್ನೆರಡು ದಿನ. ಆಮೇಲೆ ಉಳಿದದ್ದು 4. ಉರಿಯನ್ನಾಗಲಿ ಎಣ್ಣೆಯನ್ನಾಗಲಿ ಬದಲಿಸಿರಲಿಲ್ಲ.

ಈ ನೂರು ಕಾಳಿನ ಪರೀಕ್ಷೆಯನ್ನು ಯಾವ ಅನುಮಾನ ಬಂದಾಗಲೂ ಮೊದಲು ಮಾಡಿ. ಎಣಿಸಲು ಎರಡು ನಿಮಿಷ ಸಾಕು, ಉಳಿದ ಕಾಳಿನ ಸಂಖ್ಯೆಯೇ ಶೇಕಡಾ ಲೆಕ್ಕ. ಐದರೊಳಗೆ ಇದ್ದರೆ ಕಾಳಿನಲ್ಲಿ ದೋಷವಿಲ್ಲ. ಹತ್ತು ದಾಟಿದರೆ ಹುಡುಕಬೇಕು. ಅಡುಗೆಮನೆಯ ಸಣ್ಣ ತಕ್ಕಡಿ ಇರುವವರು ಇನ್ನೂ ನಿಖರವಾಗಿ ನೋಡಬಹುದು: ಪಾತ್ರೆ, ಎಣ್ಣೆ, 100 ಗ್ರಾಂ ಕಾಳು ಸೇರಿಸಿ ತೂಗಿ, ಅರಳಿದ ಮೇಲೆ ಮುಚ್ಚಳ ತೆಗೆದು ಆವಿ ಹೋಗಲು ಬಿಟ್ಟು, ಏನನ್ನೂ ಹೊರಗೆ ತೆಗೆಯದೆ ಮತ್ತೆ ತೂಗಿ. ಇಳಿದ ತೂಕ ಎಂದರೆ ಹಾರಿಹೋದ ನೀರು. ಚೆನ್ನಾಗಿ ಅರಳಿದ ದಿನ ನನ್ನ ಪಾತ್ರೆಯಲ್ಲಿ 10ರಿಂದ 11 ಗ್ರಾಂ ಇಳಿದಿದೆ. ಆ ಮಾರ್ಚ್‌ನ ಕಾಳಿನಲ್ಲಿ 7 ಗ್ರಾಂ ಕೂಡ ಇಳಿಯಲಿಲ್ಲ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರು ಜಿಲ್ಲೆಗಳ ಬೇಸಿಗೆಯ ಗಾಳಿ ಒಣ ಗಾಳಿ. ಹಪ್ಪಳ ಸಂಡಿಗೆಗೆ ಅದು ವರ, ಪಾಪ್‌ಕಾರ್ನ್ ಕಾಳಿಗೆ ಶಾಪ. ಪೊಟ್ಟಣ ಕತ್ತರಿಸಿದ ದಿನವೇ ಕಾಳನ್ನು ಬಿಗಿ ಮುಚ್ಚಳದ ಬಾಟಲಿಗೆ ವರ್ಗಾಯಿಸಿ, ಒಲೆಯಿಂದ ದೂರ, ಕೆಳಗಿನ ಗೂಡಿನಲ್ಲಿ ಇಡಿ. ಫ್ರಿಜ್‌ನಲ್ಲಿ ತೆರೆದ ಪೊಟ್ಟಣ ಇಟ್ಟರೆ ಅಲ್ಲಿಯೂ ಒಣಗುತ್ತದೆ.

ಬಣ್ಣವೇ ಬದಲಾಗದ ಕಾಳು

ಹಳದಿ ಹಳದಿಯಾಗಿಯೇ ಉಳಿದ ಕಾಳಿಗೆ ಶಾಖ ತಲುಪಿಲ್ಲ. ಇಲ್ಲಿ ಕಾಳಿನ ಮೇಲೆ ತಪ್ಪು ಹೊರಿಸಬೇಡಿ. ಬಹುತೇಕ ಸಲ ಕಾರಣ ಒಂದೇ: ಪಾತ್ರೆಗೆ ಹೆಚ್ಚು ಕಾಳು ಹಾಕಿರುತ್ತೇವೆ. ಒಳ್ಳೆಯ ಕಾಳು ಒಂದು ಗ್ರಾಂಗೆ 40 ಮಿಲಿಲೀಟರ್‌ನಷ್ಟು ಉಬ್ಬುತ್ತದೆ. 60 ಗ್ರಾಂ ಹಾಕಿದರೆ ಎರಡು ಲೀಟರಿಗೂ ಮಿಕ್ಕಿ ಅರಳು. ಮೂರು ಲೀಟರ್ ಪಾತ್ರೆಗೆ ಅದೇ ಮಿತಿ, ಅಂದರೆ ಕಾಲು ಲೋಟದಿಂದ ಮೂರನೇ ಒಂದು ಲೋಟದವರೆಗೆ. ಮನೆಗೆ ನೆಂಟರು ಬಂದರೆಂದು ಒಂದು ಲೋಟ ಸುರಿದರೆ, ಮೊದಲು ಅರಳಿದ್ದು ಮೇಲೆ ತುಂಬಿಕೊಂಡು ತಳದ ಕಾಳು ಅಲುಗದಂತೆ ಕೂರುತ್ತದೆ. ಕೆಳಗಿನದು ಕರಟುತ್ತದೆ, ಮೇಲೆ ಸಿಕ್ಕಿಕೊಂಡದ್ದು ಹಸಿಯಾಗಿಯೇ ಇರುತ್ತದೆ. ಎರಡು ಸಲ ಮಾಡಿ.

ತೆಳು ತಳದ ಸ್ಟೀಲ್ ಪಾತ್ರೆಯಲ್ಲಿ ಉರಿ ತಾಗುವ ಕಡೆ ಮಾತ್ರ ಕಾಯುತ್ತದೆ. ಇಂಡಕ್ಷನ್ ಒಲೆಯಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ, ತಳದಲ್ಲಿ ಬಳೆಯಂತೆ ಒಂದು ವೃತ್ತ ಮಾತ್ರ ಸುಡುತ್ತದೆ. ದಪ್ಪ ತಳದ ಪಾತ್ರೆ ಬಳಸಿ. ಕುಕ್ಕರಿನ ಪಾತ್ರೆ ಒಳ್ಳೆಯದೇ, ಆದರೆ ಕುಕ್ಕರಿನ ಮುಚ್ಚಳವನ್ನು ಹಾಕಬೇಡಿ. ಗ್ಯಾಸ್ಕೆಟ್, ವಿಷಲ್ ಸಮೇತ ಬಿಗಿದು ಪಾಪ್‌ಕಾರ್ನ್ ಮಾಡಿದರೆ ಅರಳು ಹೋಗಿ ಆವಿಯ ರಂಧ್ರಕ್ಕೆ ಸಿಕ್ಕಿಕೊಳ್ಳಬಹುದು, ಅದು ಅಪಾಯ. ಮೇಲೊಂದು ಸಾಧಾರಣ ತಟ್ಟೆ ಮುಚ್ಚಿದರೆ ಸಾಕು.

ಶಾಖ ಸಮನಾಗಬೇಕು ಎಂಬುದು ಎಷ್ಟು ಮುಖ್ಯ ಎಂದು ತಿಳಿಯಲು ಒಂದು ಪ್ರಯೋಗದ ಲೆಕ್ಕ ನೋಡಿ. 2015ರಲ್ಲಿ ಫ್ರಾನ್ಸಿನ ಇಬ್ಬರು ವಿಜ್ಞಾನಿಗಳಾದ ಎಮ್ಯಾನುಯೆಲ್ ವಿರೋ ಮತ್ತು ಅಲೆಕ್ಸಾಂಡರ್ ಪೊನೊಮರೆಂಕೊ, ಕಾಳುಗಳನ್ನು ಓವನ್‌ನಲ್ಲಿಟ್ಟು ಶಾಖವನ್ನು ಹಂತ ಹಂತವಾಗಿ ಏರಿಸಿದರು. 170 ಡಿಗ್ರಿಯಲ್ಲಿ ನೂರಕ್ಕೆ 34 ಕಾಳು ಮಾತ್ರ ಅರಳಿದ್ದವು. 180ರಲ್ಲಿ 96. ಹತ್ತೇ ಡಿಗ್ರಿಯ ಅಂತರ. ಪಾತ್ರೆಯ ಒಂದು ಮೂಲೆ ಅಷ್ಟು ತಣ್ಣಗಿದ್ದರೂ ಅಲ್ಲಿನ ಕಾಳು ಹಾಗೇ ಉಳಿಯುತ್ತದೆ.

ಆದ್ದರಿಂದ ನಾನು ಮಾಡುವ ಕ್ರಮ ಹೀಗೆ. ಎರಡು ದೊಡ್ಡ ಚಮಚ ಎಣ್ಣೆಗೆ ಮೂರೇ ಕಾಳು ಹಾಕಿ, ಮುಚ್ಚಿ, ಮಧ್ಯಮ ಉರಿಯಲ್ಲಿ ಇಡುತ್ತೇನೆ. ಮೂರೂ ಸಿಡಿದವು ಎಂದರೆ ಎಣ್ಣೆ ತಕ್ಕ ಶಾಖಕ್ಕೆ ಬಂದಿದೆ. ಆಗ ಉಳಿದ ಕಾಳನ್ನು ಒಂದೇ ಪದರವಾಗಿ ಹರಡಿ, ಪಾತ್ರೆಯನ್ನು ಒಲೆಯಿಂದ ಇಳಿಸಿ ಅರ್ಧ ನಿಮಿಷ ಪಕ್ಕಕ್ಕೆ ಇಡುತ್ತೇನೆ. ಈ ಅರ್ಧ ನಿಮಿಷದಲ್ಲಿ ಎಲ್ಲ ಕಾಳೂ ಹೆಚ್ಚು ಕಡಿಮೆ ಒಂದೇ ಬಿಸಿಗೆ ಬರುತ್ತವೆ. ಮತ್ತೆ ಒಲೆಗೆ ಏರಿಸಿದ ಮೇಲೆ ಒಂದಾದ ಮೇಲೊಂದು ಹನಿಯುವುದಿಲ್ಲ, ಆಲಿಕಲ್ಲು ಮಳೆಯಂತೆ ಒಟ್ಟಿಗೆ ಸುರಿಯುತ್ತವೆ. ಪಾತ್ರೆಯ ಕಿವಿ ಹಿಡಿದು ಆಗಾಗ ಅಲುಗಿಸುತ್ತೇನೆ. ಸಿಡಿತದ ನಡುವೆ ಎರಡು ಮೂರು ಸೆಕೆಂಡ್ ಅಂತರ ಬಂದ ಕೂಡಲೇ ಒಲೆ ಆರಿಸಿ ತಟ್ಟೆಗೆ ಸುರಿಯುತ್ತೇನೆ. ಕೊನೆಯ ನಾಲ್ಕು ಕಾಳಿನ ಆಸೆಗೆ ಕಾದರೆ ಅರಳಿದ ನಾನೂರು ಸೀದುಹೋಗುತ್ತವೆ.

ತುಮಕೂರಿನಲ್ಲಿ ಶಿವರಾತ್ರಿಯ ಹೊತ್ತಿಗೆ ನಡೆಯುವ ಸಿದ್ಧಗಂಗೆಯ ಜಾತ್ರೆಗೆ ಹೋದವರು ಬಾಣಲೆಯಲ್ಲಿ ಕಾದ ಉಪ್ಪಿನಲ್ಲಿ ಜೋಳ ಹುರಿಯುವವರನ್ನು ನೋಡಿರಬಹುದು. ಎಣ್ಣೆಯ ಹನಿಯೂ ಇಲ್ಲ. ಉಪ್ಪು ಕಾಳನ್ನು ಎಲ್ಲ ಕಡೆಯಿಂದ ಸುತ್ತುವರಿದು ಶಾಖ ಕೊಡುತ್ತದೆ. ಪುರಿ ಹುರಿಯುವ ಭಟ್ಟಿಯಲ್ಲಿ ಮರಳು ಮಾಡುವ ಕೆಲಸವೂ ಅದೇ. ಮನೆಯಲ್ಲಿ ಮಾಡುವವರು ಆ ಉಪ್ಪನ್ನು ಜರಡಿ ಹಿಡಿದು ಬೇರೆ ಡಬ್ಬಿಯಲ್ಲಿ ಇಟ್ಟುಕೊಂಡರೆ ಹಲವು ಸಲ ಬಳಸಬಹುದು.

ಅರ್ಧ ಬಾಯಿ ಬಿಟ್ಟ ಕಾಳು

ಒಂದು ಕಡೆ ಸೀಳಿ, ಅಕ್ಕಿಕಾಳಿನಷ್ಟು ಬಿಳುಪು ಹೊರಗೆ ಇಣುಕಿ ನಿಂತ ಕಾಳು ಇದು. ಆವಿ ಹುಟ್ಟಿತ್ತು, ಆದರೆ ಸೋರಿಹೋಯಿತು. ಒಮ್ಮೆ ಇನ್ನೂ ಹುರಿಯದ ಕಾಳನ್ನು ಭೂತಗನ್ನಡಿಯಲ್ಲಿ ನೋಡಿ. ತೊಟ್ಟಿನ ಕಡೆ ಚೂಪಾಗಿ, ಮಾಸಲು ಬಿಳಿಯ ಪುಟ್ಟ ಟೋಪಿಯಂತಿರುತ್ತದೆ. ಕಾಳು ತೆನೆಯ ದಿಂಡಿಗೆ ಅಂಟಿಕೊಂಡಿದ್ದ ಜಾಗ ಅದು. ಆ ಟೋಪಿ ಕಳಚಿದ್ದರೆ ಅಲ್ಲಿ ಕಪ್ಪು ಚುಕ್ಕೆ ಕಾಣುತ್ತದೆ. ಬೆನ್ನಿನ ಮೇಲೆ ಕೂದಲೆಳೆಯಂಥ ಗೀರು ಇದ್ದರೂ ಇರಬಹುದು, ಬೆಳಕಿಗೆ ಓರೆಯಾಗಿ ತಿರುಗಿಸಿದಾಗ ಮಾತ್ರ ಮಿಂಚುತ್ತದೆ. ಒಕ್ಕುವಾಗ, ಚೀಲ ಎಸೆಯುವಾಗ ಬಿದ್ದ ಪೆಟ್ಟು ಅದು. ಅಂಥ ಕಾಳಿಗೆ ಎಷ್ಟು ನೀರು ಕುಡಿಸಿದರೂ ಆವಿ ನಿಲ್ಲುವುದಿಲ್ಲ.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2005ರಲ್ಲಿ 14 ತಳಿಗಳನ್ನು ಹೋಲಿಸಿ ನೋಡಿದಾಗ ಅರಳದೆ ಉಳಿದ ಕಾಳಿನ ಪ್ರಮಾಣ ಶೇಕಡಾ 4ರಿಂದ 47ರವರೆಗೆ ಇತ್ತು. ವ್ಯತ್ಯಾಸಕ್ಕೆ ಮುಖ್ಯ ಕಾರಣವಾಗಿ ಅವರು ಕಂಡದ್ದು ಸಿಪ್ಪೆ ತೇವವನ್ನು ತಡೆದು ಹಿಡಿಯುವ ಶಕ್ತಿ. ಬಿಡಿಯಾಗಿ ಕೊಳ್ಳುವಾಗ ಕಾಳನ್ನು ಅಂಗೈ ಮೇಲೆ ಹಾಕಿಸಿಕೊಂಡು ನೋಡಿ. ನುಚ್ಚು, ಪುಡಿ, ಒಡೆದ ಕಾಳು ಹೆಚ್ಚಿದ್ದರೆ ಆ ಮೂಟೆ ಬೇಡ.

ಪೊಟ್ಟಣದ ಕಾಳು ಚೆನ್ನಾಗಿದ್ದೂ ಹೀಗಾಗುತ್ತಿದ್ದರೆ ಉರಿ ತೀರಾ ಸಣ್ಣದಾಗಿದೆ. ನಿಧಾನವಾಗಿ ಕಾಯಿಸಿದರೆ ಒತ್ತಡ ಕೂಡುವ ಮೊದಲೇ ಆವಿ ತೊಟ್ಟಿನ ಕಡೆಯಿಂದ ನುಸುಳಿ ಹೋಗುತ್ತದೆ. ಉರಿ ವಿಪರೀತವಾದರೆ ಇನ್ನೊಂದು ತೊಂದರೆ: ಹೊರಗಿನ ಸಿಪ್ಪೆ ಬೇಗ ಒಡೆಯುತ್ತದೆ, ನಡುವಿನ ಗಂಜಿ ಇನ್ನೂ ಬೆಂದಿರುವುದಿಲ್ಲ, ಅರಳಿನ ನಡುವೆ ಕಲ್ಲಿನಂಥ ಗಂಟು ಹಲ್ಲಿಗೆ ಸಿಗುತ್ತದೆ.

ಹೊಗೆ ಮತ್ತು ಕಮಟು

ಗಾಣದ ಎಣ್ಣೆ ನಮ್ಮ ಕಡೆ ಮತ್ತೆ ಬಳಕೆಗೆ ಬಂದಿದೆ. ಪಾವಗಡ, ಶಿರಾ ಕಡೆಯ ಕಡಲೆಕಾಯಿಯ ಎಣ್ಣೆ, ತಿಪಟೂರು ಕೊಬ್ಬರಿಯ ಎಣ್ಣೆ ಎರಡೂ ನನಗೆ ಪ್ರಿಯ. ಆದರೆ ಶುದ್ಧೀಕರಿಸದ ಎಣ್ಣೆ ಬೇಗ ಹೊಗೆಯಾಡುತ್ತದೆ. ಕಾಳು ಸಿಡಿಯುವ ಶಾಖದ ಹೊತ್ತಿಗೆ ಅದು ಆಗಲೇ ಕಮಟಿರುತ್ತದೆ. ಹುರಿಯಲು ರಿಫೈನ್ಡ್ ಎಣ್ಣೆ ಅಥವಾ ತುಪ್ಪ ಬಳಸಿ, ಗಾಣದ ಎಣ್ಣೆಯನ್ನು ಕೊನೆಯಲ್ಲಿ ಒಗ್ಗರಣೆಗೆ ಇಟ್ಟುಕೊಳ್ಳಿ. ಸಿನಿಮಾ ಮಂದಿರದ ಘಮ ಬೇಕೆನ್ನುವವರಿಗೆ ರಿಫೈನ್ಡ್ ಕೊಬ್ಬರಿ ಎಣ್ಣೆಯೇ ಸರಿ, ಎಷ್ಟೋ ಚಿತ್ರಮಂದಿರಗಳ ಯಂತ್ರಗಳಲ್ಲಿ ಬಳಸುವುದು ಅದನ್ನೇ. ಬೆಣ್ಣೆಯಲ್ಲಿ ನೇರವಾಗಿ ಹುರಿಯಬೇಡಿ, ಅದರಲ್ಲಿನ ಹಾಲಿನ ಅಂಶ ಕರಟುತ್ತದೆ.

ಅರಳಿದೆ, ಆದರೆ ರಬ್ಬರಿನಂತಿದೆ

ನೂರು ಕಾಳಿನಿಂದ ಆವಿಯಾಗುವ ನೀರು ಬಹಳ ಕಡಿಮೆ ನಿಜ, ಆದರೆ ಒಂದು ಪಾತ್ರೆ ತುಂಬ ಮಾಡುವಾಗ ಅದು ಮುಚ್ಚಳದ ಕೆಳಗೆ ಹನಿಗಟ್ಟುವಷ್ಟಾಗುತ್ತದೆ. ಬಿಗಿಯಾಗಿ ಮುಚ್ಚಿದರೆ ಆವಿ ಹೊರಗೆ ಹೋಗದೆ ಅರಳಿಗೇ ಮರಳುತ್ತದೆ. ಸಿಡಿತ ಜೋರಾದ ಮೇಲೆ ಮುಚ್ಚಳವನ್ನು ಒಂದು ಬದಿಗೆ ಕೂದಲೆಳೆಯಷ್ಟು ಸರಿಸಿ, ಆ ಬದಿ ನಿಮ್ಮ ಮುಖದ ಕಡೆ ಇರದಂತೆ ನೋಡಿಕೊಳ್ಳಿ. ಮುಗಿದ ಮೇಲೆ ಪಾತ್ರೆಯಲ್ಲೇ ಬಿಡದೆ ಅಗಲವಾದ ತಟ್ಟೆಗೆ ಅಥವಾ ಮೊರಕ್ಕೆ ಹರವಿ. ಹಾಗೆ ಮಾಡಿಯೂ ಅರಳು ಸಣ್ಣದಾಗಿ, ಜಗಿಯುವಂತೆ ಇದ್ದರೆ ಕಾಳಿನಲ್ಲಿ ನೀರು ಹೆಚ್ಚಾಗಿದೆ. ಬಾಟಲಿಗೆ ಚಮಚ ಲೆಕ್ಕ ತಪ್ಪಿ ನೀರು ಹಾಕಿದ ಮೇಲೆ ನನಗೂ ಹೀಗಾಗಿದೆ. ಕಾಳನ್ನು ಹರಡಿ ಒಂದೆರಡು ಗಂಟೆ ಗಾಳಿಗೆ ಬಿಟ್ಟು ಮತ್ತೆ ನೂರು ಕಾಳಿನ ಪರೀಕ್ಷೆ ಮಾಡಿ.

ಜೋಳವೇ ಬೇರೆಯಾದರೆ

ಗೌರಿಬಿದನೂರು ಕಡೆಯ ನಮ್ಮ ಚಿಕ್ಕಪ್ಪ ಒಮ್ಮೆ ಹೊಲದಲ್ಲಿ ಬೆಳೆದ ಮುಸುಕಿನ ಜೋಳ ಎರಡು ಸೇರು ಕಳಿಸಿದರು, "ಮಕ್ಕಳಿಗೆ ಪಾಪ್‌ಕಾರ್ನ್ ಮಾಡಿಕೊಡಮ್ಮ" ಎಂದು. ಒಂದೂ ಅರಳಲಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಹೊಲಗಳಲ್ಲಿ ಕಾಣುವ ಆ ದಪ್ಪ ಜೋಳ ಹೆಚ್ಚಾಗಿ ಮೇವಿಗೆ, ಹಿಟ್ಟಿಗೆ, ಕೋಳಿ ಆಹಾರಕ್ಕೆ ಹೋಗುವ ತಳಿ. ಕಾಳು ಒಣಗಿದಾಗ ನೆತ್ತಿಯಲ್ಲಿ ಗುಳಿ ಬೀಳುತ್ತದೆ. ಒಳಗೆ ಮೆದು ಗಂಜಿ ಹೆಚ್ಚು, ಸಿಪ್ಪೆ ಒತ್ತಡ ತಡೆಯುವುದಿಲ್ಲ. ಪಾಪ್‌ಕಾರ್ನ್ ಬೇರೆಯೇ ಬಗೆಯ ಜೋಳ. ಕಾಳು ಸಣ್ಣದು, ನೆತ್ತಿ ಗುಂಡಗೆ ಅಥವಾ ಚೂಪಾಗಿ ಇರುತ್ತದೆ, ಗಾಜಿನಂತೆ ಗಟ್ಟಿ. ಚಿಕ್ಕಪ್ಪನ ಜೋಳವನ್ನು ನಾವು ಹುರಿದು, ಉಪ್ಪು ಖಾರ ಹಚ್ಚಿ ತಿಂದೆವು, ಚೆನ್ನಾಗಿಯೇ ಇತ್ತು. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ: ಬಿತ್ತನೆಗೆಂದು ಮಾರುವ ಜೋಳಕ್ಕೆ ಗುಲಾಬಿ, ಕೆಂಪು ಅಥವಾ ಹಸಿರು ಬಣ್ಣ ಬಳಿದಿದ್ದರೆ ಅದು ಔಷಧಿ ಹಚ್ಚಿದ ಬೀಜ. ತೊಳೆದೂ ತಿನ್ನಬಾರದು.

ಉಪ್ಪು ತಳ ಸೇರುತ್ತದೆ, ಖಾರ ಕಹಿಯಾಗುತ್ತದೆ

ರುಚಿಯ ದೂರುಗಳಲ್ಲಿ ಮೊದಲನೆಯದು ಉಪ್ಪು. ಅರಳು ಒಣಗಿರುತ್ತದೆ, ಹರಳಾದ ಉಪ್ಪು ಅದರ ಮೇಲೆ ನಿಲ್ಲದೆ ಜಾರುತ್ತದೆ. ಪುಡಿ ಉಪ್ಪನ್ನೇ ಮಿಕ್ಸಿಯಲ್ಲಿ ಇನ್ನೊಮ್ಮೆ ತಿರುಗಿಸಿ, ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯವಾಗಲಿ. ಅರಳು ಬಿಸಿಯಿದ್ದಾಗಲೇ ಒಂದು ಚಮಚ ಕರಗಿದ ತುಪ್ಪ ಹನಿಸಿ, ಕೈಯಾಡಿಸಿ, ಆಮೇಲೆ ಉಪ್ಪು ಉದುರಿಸಿ. ತುಪ್ಪದ ಬದಲು ಬೆಣ್ಣೆ ಹಾಕಿದರೆ ಅರಳು ಕುಗ್ಗಿ ಮುದುಡುತ್ತದೆ. ಅಂಗಡಿಯ ಬೆಣ್ಣೆಯಲ್ಲೇ ಶೇಕಡಾ 16ರಷ್ಟು ನೀರು ಇರುತ್ತದೆ, ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಇನ್ನೂ ಹೆಚ್ಚು ಇರಬಹುದು. ತುಪ್ಪದಲ್ಲಿ ನೀರು ಇಲ್ಲವೆನ್ನುವಷ್ಟು ಕಡಿಮೆ. ನಿಂಬೆರಸ ಹಿಂಡಿದರೂ ಇದೇ ಗತಿ. ಹುಳಿ ಬೇಕಿದ್ದರೆ ಒಣ ಮಾವಿನಕಾಯಿ ಪುಡಿ ಹಾಕಿ.

ಖಾರದ ಪುಡಿಯನ್ನು ಕಾಳಿನ ಜೊತೆ ಎಣ್ಣೆಗೆ ಹಾಕುವುದು ದೊಡ್ಡ ತಪ್ಪು. 180 ಡಿಗ್ರಿಯ ಎಣ್ಣೆಯಲ್ಲಿ ಅದು ಕಪ್ಪಾಗಿ, ಮನೆಯವರೆಲ್ಲ ಕೆಮ್ಮುವಂತಾಗುತ್ತದೆ. ಅರಿಸಿನ ಒಂದು ಚಿಟಿಕೆ ಮಾತ್ರ ಎಣ್ಣೆಗೆ ಹಾಕಬಹುದು, ಬಣ್ಣ ಸಮನಾಗಿ ಹಿಡಿಯುತ್ತದೆ. ನಮ್ಮ ಮನೆಯಲ್ಲಿ ಎಲ್ಲರೂ ಕೇಳಿ ಮಾಡಿಸಿಕೊಳ್ಳುವುದು ಪುರಿ ಒಗ್ಗರಣೆಯ ರೀತಿ: ಬೇರೆ ಬಾಣಲೆಯಲ್ಲಿ ಎಣ್ಣೆ, ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು. ಕರಿಬೇವನ್ನು ತೊಳೆದು ಬಟ್ಟೆಯಲ್ಲಿ ಒರೆಸಿ, ಮುರಿದರೆ ಚಟ್ ಎನ್ನುವವರೆಗೆ ಬಾಡಿಸಿ. ಒಲೆ ಆರಿಸಿದ ಮೇಲೆ ಅರಿಸಿನ, ಖಾರದ ಪುಡಿ, ಉಪ್ಪು, ಆಮೇಲೆ ಅರಳು. ಚಟ್ನಿಪುಡಿ ಹಾಕುವವರು ಅದನ್ನು ಜರಡಿ ಹಿಡಿದು ನಯವಾದದ್ದನ್ನು ಮಾತ್ರ ಬಳಸಿ, ತರಿ ತಳಕ್ಕೆ ಹೋಗುತ್ತದೆ.

ಕೋಲಾರದಲ್ಲಿರುವ ನನ್ನ ಅಕ್ಕ, ಟೊಮೆಟೊ ಬೆಲೆ ಕುಸಿದ ದಿನಗಳಲ್ಲಿ ಬುಟ್ಟಿಗಟ್ಟಲೆ ತಂದು, ತೆಳ್ಳಗೆ ಹೆಚ್ಚಿ, ಉಪ್ಪು ಸವರಿ, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ಪುಡಿ ಮಾಡಿಡುತ್ತಾಳೆ. ಪಾಪ್‌ಕಾರ್ನ್‌ಗೆ ಅದಕ್ಕಿಂತ ಒಳ್ಳೆಯ ಪುಡಿಯನ್ನು ನಾನು ಕಂಡಿಲ್ಲ. ಅದರ ದೋಷ ಒಂದೇ, ಗಾಳಿಯ ತೇವ ಹೀರಿ ಗಂಟಾಗುತ್ತದೆ. ನಾಲ್ಕು ಚಮಚ ಪುಡಿಗೆ ಒಂದು ಚಮಚ ಹುರಿಗಡಲೆ ಹಿಟ್ಟು ಬೆರೆಸಿಟ್ಟರೆ ಉದುರುದುರಾಗಿ ಇರುತ್ತದೆ.

ಬೆಲ್ಲದ ಪಾಕ ಅಂಟುತ್ತಿದ್ದರೆ

ಪಾಕ ಹಚ್ಚಿದ ಅರಳು ಕೈಗೂ ಹಲ್ಲಿಗೂ ಅಂಟುತ್ತಿದ್ದರೆ ಪಾಕದಲ್ಲಿ ನೀರು ಉಳಿದಿದೆ. ಕಡಲೆಕಾಯಿ ಚಿಕ್ಕಿಗೆ ಬೇಕಾದ ಹದವೇ ಇಲ್ಲಿಯೂ ಬೇಕು. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಡಿ. ಎಳೆದರೆ ಬಾಗುತ್ತಿದ್ದರೆ ಇನ್ನೂ ಆಗಿಲ್ಲ. ತೆಗೆದು ತಟ್ಟೆಗೆ ಹಾಕಿದಾಗ ಟಣ್ ಎಂದು ಸದ್ದಾಗಿ, ಮುರಿದರೆ ಗಾಜಿನಂತೆ ಒಡೆಯಬೇಕು. ಆ ಹದದಿಂದ ಸೀದುಹೋಗುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ, ಆದ್ದರಿಂದ ಉರಿ ಸಣ್ಣದಿರಲಿ, ಕಣ್ಣು ಬೇರೆಡೆ ಹೋಗದಿರಲಿ. ಒಲೆ ಆರಿಸಿ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಪಾಕ ನೊರೆಯುಕ್ಕಿ ಹಗುರಾಗುತ್ತದೆ, ಅರಳಿನ ಮೇಲೆ ತೆಳುವಾಗಿ ಹರಡುತ್ತದೆ. ಬೆಚ್ಚಗಿನ ಅರಳನ್ನೇ ಬೆರೆಸಿ; ತಣ್ಣಗಿನದಕ್ಕೆ ಸುರಿದರೆ ಪಾಕ ಮುದ್ದೆಯಾಗಿ ನಿಲ್ಲುತ್ತದೆ. ಪಾಕದ ಬಿಸಿ ಕುದಿಯುವ ನೀರಿಗಿಂತ ಬಹಳ ಹೆಚ್ಚು, ಮಕ್ಕಳು ಹತ್ತಿರ ಇರಬಾರದು. ಇನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಪಾಪ್‌ಕಾರ್ನ್ ಯಾವ ರೂಪದಲ್ಲೂ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ಇದೆ.

ಮಳೆಗಾಲದಲ್ಲಿ ಹದ ಸರಿಯಿದ್ದರೂ ಮರುದಿನಕ್ಕೆ ಅಂಟುತ್ತದೆ, ಏಕೆಂದರೆ ಬೆಲ್ಲ ಸಕ್ಕರೆಗಿಂತ ಬೇಗ ತೇವ ಹೀರುತ್ತದೆ. ಓವನ್ ಇದ್ದರೆ 120 ಡಿಗ್ರಿಯಲ್ಲಿ ಹತ್ತು ನಿಮಿಷ ಹರಡಿಟ್ಟು ತಣಿಸಿದರೆ ಮತ್ತೆ ಗರಿಗರಿಯಾಗುತ್ತದೆ. ಬರೀ ಉಪ್ಪಿನದಾದರೆ ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಕೈಯಾಡಿಸಿದರೂ ಸಾಕು. ಡಬ್ಬಿಗೆ ತುಂಬುವ ಮುನ್ನ ಅರಳಿನ ರಾಶಿಯ ನಡುವೆ ಅಂಗೈ ಹುದುಗಿಸಿ ನೋಡಿ. ಸ್ವಲ್ಪ ಬೆಚ್ಚಗಿದ್ದರೂ ಮುಚ್ಚಳ ಹಾಕಬೇಡಿ, ಇನ್ನೂ ಕಾಲು ಗಂಟೆ ತಟ್ಟೆಯಲ್ಲೇ ಇರಲಿ.